ಬಂಕಿನ ಕ್ರೆಡಿಟ್ ಕಾರ್ಡು: ರೈತರಿಗೆ ಲಾಭವೋ ನಷ್ಟವೋ?

ಮುಂಗಾರು ಬಿತ್ತನೆಯ ಕಾಲದಲ್ಲಿ ಟ್ರ್ಯಾಕ್ಟರ್ ಇರುವ ರೈತರ ಖರ್ಚಿನಲ್ಲಿ ಡೀಸೆಲ್ಲಿನದೇ ದೊಡ್ಡ ಪಾಲು. 40ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಉಳುಮೆಯಲ್ಲಿ ಗಂಟೆಗೆ ಸುಮಾರು 4 ಲೀಟರ್ ಡೀಸೆಲ್ ಕುಡಿಯುತ್ತದೆ. ದಿನಕ್ಕೆ 8 ಗಂಟೆ ದುಡಿದರೆ 32 ಲೀಟರ್ ಬೇಕು. ಲೀಟರಿಗೆ 90 ರೂ. ಎಂದು ಹಿಡಿದರೂ ದಿನವೊಂದಕ್ಕೆ 2,880 ರೂ. ಆಯಿತು. ಕೈಯಲ್ಲಿ ಹಣ ಕಡಿಮೆ ಇರುವುದೂ ಇದೇ ಕಾಲದಲ್ಲಿ. ಬಂಕಿನ ಮುಂದೆ ಮೇಜು ಹಾಕಿಕೊಂಡು ಕುಳಿತ ಪ್ರತಿನಿಧಿಯು, "ಈ ಕಾರ್ಡು ತೆಗೆದುಕೊಳ್ಳಿ, ಈಗ ಹಣ ಕೊಡಬೇಕಾಗಿಲ್ಲ, ಹಾಕಿಸಿದ ಡೀಸೆಲ್ಲಿಗೆ ಅಂಕಗಳೂ ಸಿಗುತ್ತವೆ" ಎಂದು ಹೇಳಿದಾಗ ಆ ಮಾತು ಹಿತವಾಗಿ ಕೇಳುವುದು ಸಹಜ.

ಇಂಥ ಕಾರ್ಡಿನಿಂದ ಲಾಭ ಪಡೆಯುತ್ತಿರುವವರು ಇದ್ದಾರೆ. ಅದರ ಬಾಕಿ ತೀರಿಸಲಾಗದೆ ಮುಂದಿನ ವರ್ಷದ ಬೆಳೆಸಾಲಕ್ಕೂ ತೊಡಕು ತಂದುಕೊಂಡವರೂ ಇದ್ದಾರೆ. ಕಾರ್ಡು ಒಂದೇ ಆದರೂ ಫಲ ಬೇರೆಯಾಗುವುದಕ್ಕೆ ಕಾರಣವೇನು, ಯಾರು ಇದನ್ನು ಪಡೆಯಬಹುದು, ಯಾರು ಪಡೆಯಬಾರದು ಎಂಬುದನ್ನು ಇಲ್ಲಿ ಲೆಕ್ಕದ ಸಮೇತ ವಿವರಿಸಲಾಗಿದೆ.

ಹೆಸರು ಒಂದೇ, ಗುಣ ಬೇರೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಹಳ್ಳಿಗಳಲ್ಲಿ 'ಕ್ರೆಡಿಟ್ ಕಾರ್ಡು' ಎಂದರೆ ಬಹುಮಂದಿಯ ಮನಸ್ಸಿಗೆ ಬರುವುದು ಕಿಸಾನ್ ಕ್ರೆಡಿಟ್ ಕಾರ್ಡು. 1998ರಲ್ಲಿ ಜಾರಿಗೆ ಬಂದ ಈ ಯೋಜನೆ ಬೆಳೆಸಾಲಕ್ಕಾಗಿಯೇ ರೂಪುಗೊಂಡದ್ದು. ಅದರ ಮರುಪಾವತಿಯ ಅವಧಿಯನ್ನು ಬೆಳೆಯ ಕಟಾವು ಮತ್ತು ಮಾರಾಟದ ಕಾಲಕ್ಕೆ ಹೊಂದಿಸಲಾಗಿದೆ.

ಬಂಕಿನಲ್ಲಿ ಕೊಡುವ ಕಾರ್ಡು ಇದಲ್ಲ. ಅದು ಸಾಮಾನ್ಯ ಕ್ರೆಡಿಟ್ ಕಾರ್ಡು. ತೈಲ ಕಂಪನಿಯ ಹೆಸರು ಅದರ ಮೇಲೆ ಇದ್ದರೂ ಸಾಲ ಕೊಡುವುದು ಬ್ಯಾಂಕು ಅಥವಾ ಕಾರ್ಡು ಸಂಸ್ಥೆ. ಇಂಡಿಯನ್ ಆಯಿಲ್ ಹೆಸರಿನ ಕಾರ್ಡನ್ನು ಎಚ್‌ಡಿಎಫ್‌ಸಿ ಬ್ಯಾಂಕ್, ಭಾರತ್ ಪೆಟ್ರೋಲಿಯಂ ಹೆಸರಿನ ಕಾರ್ಡನ್ನು ಎಸ್‌ಬಿಐ ಕಾರ್ಡ್, ಹಿಂದುಸ್ತಾನ್ ಪೆಟ್ರೋಲಿಯಂ ಹೆಸರಿನ ಕಾರ್ಡನ್ನು ಐಸಿಐಸಿಐ ಬ್ಯಾಂಕ್ ನೀಡಿರುವುದು ಇದಕ್ಕೆ ಉದಾಹರಣೆ. ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಹೀಗೆ ಹೆಸರು ಸೇರಿಸುವ ಕಂಪನಿಯ ಪಾತ್ರ ಕಾರ್ಡಿನ ಪ್ರಚಾರ ಹಾಗೂ ವಿತರಣೆ ಮಾಡುವುದು ಮತ್ತು ತನ್ನ ಸರಕು, ಸೇವೆ ಒದಗಿಸುವುದು, ಇಷ್ಟಕ್ಕೆ ಸೀಮಿತ. ಆದ್ದರಿಂದ ಬಿಲ್ಲಿನಲ್ಲಿ ತಕರಾರು ಬಂದರೆ ಬಂಕಿನ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ. ಕಾರ್ಡು ಕೊಟ್ಟ ಬ್ಯಾಂಕನ್ನೇ ಕೇಳಬೇಕು.

ಕಾರ್ಡು ಕೆಲಸ ಮಾಡುವ ಬಗೆ

ಸಾಮಾನ್ಯ ಕ್ರೆಡಿಟ್ ಕಾರ್ಡಿನ ಲೆಕ್ಕ ತಿಂಗಳಿಗೊಮ್ಮೆ ನಡೆಯುತ್ತದೆ. ಪ್ರತಿ ತಿಂಗಳ 10ರಂದು ಬಿಲ್ಲು ಸಿದ್ಧವಾಗುತ್ತದೆ, ಹಣ ಕಟ್ಟಲು 30ನೇ ತಾರೀಖು ಕೊನೆಯ ದಿನ ಎಂದಿಟ್ಟುಕೊಳ್ಳೋಣ. ಜೂನ್ 11ರಂದು ಹಾಕಿಸಿದ ಡೀಸೆಲ್ಲು ಜುಲೈ 10ರ ಬಿಲ್ಲಿಗೆ ಬರುತ್ತದೆ. ಅದರ ಹಣವನ್ನು ಜುಲೈ 30ರೊಳಗೆ ಕಟ್ಟಬಹುದು. ಅಂದರೆ 49 ದಿನ ಬಡ್ಡಿಯಿಲ್ಲದ ಅವಕಾಶ ಸಿಕ್ಕಿತು. ಆದರೆ ಜೂನ್ 9ರಂದು ಹಾಕಿಸಿದ್ದು ಮಾರನೆಯ ದಿನದ ಬಿಲ್ಲಿಗೇ ಸೇರುತ್ತದೆ. ಅದಕ್ಕೆ ಸಿಗುವುದು 21 ದಿನ ಮಾತ್ರ.

ಈ ಅವಕಾಶಕ್ಕೆ ಒಂದು ಕಟ್ಟುನಿಟ್ಟಿನ ಷರತ್ತಿದೆ. ಬಿಲ್ಲಿನ ಪೂರ್ಣ ಮೊತ್ತವನ್ನು ಕೊನೆಯ ದಿನದೊಳಗೆ ಕಟ್ಟಬೇಕು. ಸ್ವಲ್ಪ ಭಾಗ ಉಳಿಸಿಕೊಂಡರೂ ಬಡ್ಡಿರಹಿತ ಸೌಲಭ್ಯ ತಪ್ಪುತ್ತದೆ. ಉಳಿದ ಬಾಕಿಗೆ ಡೀಸೆಲ್ ಹಾಕಿಸಿದ ದಿನದಿಂದಲೇ ಬಡ್ಡಿ ಲೆಕ್ಕಹಾಕುತ್ತಾರೆ. ಬಾಕಿ ತೀರುವವರೆಗೆ ಹೊಸದಾಗಿ ಮಾಡಿದ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂಬ ಸಣ್ಣ ಮೊತ್ತವನ್ನೂ ಮುದ್ರಿಸಿರುತ್ತಾರೆ. ಅಷ್ಟು ಕಟ್ಟಿದರೆ ಸಾಕು ಎಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಕನಿಷ್ಠ ಮೊತ್ತ ಕಟ್ಟಿದರೆ ತಡಪಾವತಿಯ ದಂಡ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ.

ಬಡ್ಡಿಯ ದರವೆಷ್ಟು?

ಕ್ರೆಡಿಟ್ ಕಾರ್ಡುಗಳ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಸಾಮಾನ್ಯವಾಗಿ ಅದು ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿರುತ್ತದೆ. ಕೇಳಲು ಇದು ಸಣ್ಣ ಸಂಖ್ಯೆ. ವರ್ಷಕ್ಕೆ ಲೆಕ್ಕಹಾಕಿದರೆ ಶೇ. 42 ಆಗುತ್ತದೆ. ಇದರ ಜೊತೆಗೆ ಆ ಬಡ್ಡಿಯ ಮೇಲೆ ಶೇ. 18ರಂತೆ ಸರಕು ಮತ್ತು ಸೇವಾ ತೆರಿಗೆಯೂ ಇದೆ. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ನೀಡಿತ್ತು. ಆದರೆ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಆದುದರಿಂದ ಸಹಿ ಹಾಕುವ ಮುನ್ನ ದರವನ್ನು ಓದಿಕೊಳ್ಳುವ ಹೊಣೆ ಕಾರ್ಡು ಪಡೆಯುವವರದೇ.

ಇಲ್ಲಿ ಒಂದು ಸರಳ ಹೋಲಿಕೆಯನ್ನು ನೆನಪಿಡಬೇಕು. ನೂರು ರೂಪಾಯಿಯ ಡೀಸೆಲ್ಲಿಗೆ ಕಾರ್ಡಿನಿಂದ 3 ರೂ. ಬೆಲೆಯ ಅಂಕ ಸಿಗುತ್ತದೆ ಎನ್ನೋಣ. ಆ ನೂರು ರೂಪಾಯಿ ಒಂದೇ ತಿಂಗಳು ಬಾಕಿ ಉಳಿದರೆ ಬಡ್ಡಿ ಮತ್ತು ತೆರಿಗೆ ಸೇರಿ ಕೈಬಿಡುವುದು 4 ರೂ. 13 ಪೈಸೆ. ಸಿಕ್ಕಿದ್ದಕ್ಕಿಂತ ಹೋದದ್ದೇ ಹೆಚ್ಚು.

ಅಂಕಗಳ ನಿಜವಾದ ಬೆಲೆ

'ನೂರಕ್ಕೆ 12 ಅಂಕ' ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ನೂರಕ್ಕೆ 12 ರೂ. ಎಂದು ತಿಳಿಯಕೂಡದು. 4 ಅಂಕಕ್ಕೆ 1 ರೂ. ಎಂಬ ನಿಯಮವಿದ್ದರೆ ಸಿಗುವುದು 3 ರೂ. ಮಾತ್ರ. ಆದ್ದರಿಂದ ಪ್ರತಿನಿಧಿಯನ್ನು ಈ ಕೆಳಗಿನ ಐದು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಳ್ಳುವುದು ಒಳ್ಳೆಯದು.

1. ಒಂದು ರೂಪಾಯಿಗೆ ಎಷ್ಟು ಅಂಕ ಬೇಕು?
2. ತಿಂಗಳಿಗೆ ಗರಿಷ್ಠ ಎಷ್ಟು ಅಂಕ ಸಿಗುತ್ತದೆ? ಒಂದು ಸಲದ ಖರೀದಿಗೆ ಮಿತಿ ಇದೆಯೇ?
3. ಅಂಕಗಳಿಗೆ ಅವಧಿ ಇದೆಯೇ? ಎಲ್ಲಿ ಬಳಸಬಹುದು?
4. ವಾರ್ಷಿಕ ಶುಲ್ಕವೆಷ್ಟು? ಎಷ್ಟು ಖರ್ಚು ಮಾಡಿದರೆ ಅದು ಮಾಫಿಯಾಗುತ್ತದೆ?
5. ಇಂಧನದ ಮೇಲಿನ ಹೆಚ್ಚುವರಿ ಶುಲ್ಕವನ್ನು ಎಷ್ಟರವರೆಗೆ ಬಿಡುತ್ತಾರೆ?

ಐದನೆಯ ಪ್ರಶ್ನೆ ಮುಖ್ಯ. ಕ್ರೆಡಿಟ್ ಕಾರ್ಡಿನಿಂದ ಇಂಧನ ಕೊಂಡರೆ ಸಾಮಾನ್ಯವಾಗಿ ಶೇ. 1ರಷ್ಟು ಹೆಚ್ಚುವರಿ ಶುಲ್ಕ ಹಾಕುತ್ತಾರೆ. ಬಹುಪಾಲು ಕಾರ್ಡುಗಳಲ್ಲಿ ನಿಗದಿತ ಮೊತ್ತದ ಒಳಗಿನ ಖರೀದಿಗೆ ಇದನ್ನು ಹಿಂದಿರುಗಿಸುವುದುಂಟು. ಆದರೆ ಟ್ರ್ಯಾಕ್ಟರಿನ ಟ್ಯಾಂಕ್ ತುಂಬಿಸಿದ ಬಿಲ್ಲು ಆ ಮೊತ್ತವನ್ನು ಮೀರಿದರೆ ರಿಯಾಯಿತಿ ತಪ್ಪಬಹುದು.

ಅಂಕ ಸಿಗುವುದು ಆಯಾ ಕಂಪನಿಯ ಬಂಕಿನಲ್ಲಿ ಮಾತ್ರ ಎಂಬುದನ್ನೂ ಮರೆಯಬಾರದು. ಹತ್ತಿರದ ಬಂಕು ಬೇರೆ ಕಂಪನಿಯದಾಗಿದ್ದು, ಕಾರ್ಡಿನ ಬಂಕು 5 ಕಿ.ಮೀ. ಆಚೆ ಇದ್ದರೆ ಟ್ರ್ಯಾಕ್ಟರ್ ಹೋಗಿ ಬರಲು 10 ಕಿ.ಮೀ. ಆಗುತ್ತದೆ. ಅದಕ್ಕೆ ಸುಮಾರು ಒಂದೂವರೆ ಲೀಟರ್, ಅಂದರೆ 135 ರೂ. ಡೀಸೆಲ್ ಬೇಕು. 3,000 ರೂ. ಡೀಸೆಲ್ಲಿಗೆ ಸಿಗುವ ಅಂಕದ ಬೆಲೆ 90 ರೂ. ಇಂಥವರಿಗೆ ಈ ಕಾರ್ಡು ಎಂದಿಗೂ ಲಾಭ ತರುವುದಿಲ್ಲ.

ಮೂರು ಮನೆಗಳ ಲೆಕ್ಕ

ಕೆಳಗಿನ ಲೆಕ್ಕ ಯಾವುದೇ ಒಂದು ನಿರ್ದಿಷ್ಟ ಕಾರ್ಡಿನದಲ್ಲ. ತಿಳಿವಳಿಕೆಗಾಗಿ ಒಂದು ಮಾದರಿ ಕಾರ್ಡನ್ನು ಕಲ್ಪಿಸಿಕೊಳ್ಳಲಾಗಿದೆ. ವಾರ್ಷಿಕ ಶುಲ್ಕ 500 ರೂ., ತೆರಿಗೆ ಸೇರಿ 590 ರೂ.; ಇಂಧನಕ್ಕೆ ಶೇ. 3ರಷ್ಟು ಅಂಕ; ತಿಂಗಳಿಗೆ 300 ರೂ. ಬೆಲೆಯ ಅಂಕ ಗರಿಷ್ಠ ಮಿತಿ. ವರ್ಷದಲ್ಲಿ 50,000 ರೂ. ಖರ್ಚು ಮಾಡಿದವರಿಗೆ ಮುಂದಿನ ವರ್ಷದ ಶುಲ್ಕ ಮಾಫಿ. ರೈತರು ತಮಗೆ ಹೇಳಲಾದ ಕಾರ್ಡಿನ ಅಂಕಿಗಳನ್ನು ಇದೇ ರೀತಿ ಹಾಕಿ ನೋಡಬೇಕು.

ಮೊದಲನೆಯ ಮನೆ: ದ್ವಿಚಕ್ರ ವಾಹನ ಮಾತ್ರ ಇದೆ. ತಿಂಗಳಿಗೆ 1,000 ರೂ. ಪೆಟ್ರೋಲ್. ವರ್ಷಕ್ಕೆ 12,000 ರೂ. ಖರ್ಚಿಗೆ 360 ರೂ. ಬೆಲೆಯ ಅಂಕ ಸಿಗುತ್ತದೆ. ಶುಲ್ಕ 590 ರೂ. ಹೋಗುತ್ತದೆ. ಒಂದು ದಿನವೂ ತಡಮಾಡದೆ ಹಣ ಕಟ್ಟಿದರೂ ವರ್ಷಕ್ಕೆ 230 ರೂ. ನಷ್ಟ. ಈ ಮಾದರಿ ಕಾರ್ಡಿನ ಶುಲ್ಕ ಗಿಟ್ಟಬೇಕಾದರೆ ವರ್ಷಕ್ಕೆ ಸುಮಾರು 19,700 ರೂ.ಗಳ ಇಂಧನವನ್ನಾದರೂ ಕೊಳ್ಳಬೇಕು.

ಎರಡನೆಯ ಮನೆ: ಟ್ರ್ಯಾಕ್ಟರ್ ಇದೆ. ವರ್ಷಕ್ಕೆ 96,000 ರೂ. ಡೀಸೆಲ್. ಇದಕ್ಕೆ ಶೇ. 3ರಂತೆ 2,880 ರೂ. ಸಿಗುತ್ತದೆ ಎಂದು ಪ್ರತಿನಿಧಿ ಲೆಕ್ಕ ತೋರಿಸುತ್ತಾರೆ. ಆದರೆ ಬೇಸಾಯದಲ್ಲಿ ಖರ್ಚು ಎಲ್ಲ ತಿಂಗಳಲ್ಲೂ ಸಮನಾಗಿರುವುದಿಲ್ಲ. ಉಳುಮೆ, ಬಿತ್ತನೆ, ಒಕ್ಕಣೆಯ 4 ತಿಂಗಳಲ್ಲಿ ತಿಂಗಳಿಗೆ 18,000 ರೂ., ಉಳಿದ 8 ತಿಂಗಳಲ್ಲಿ 3,000 ರೂ. ಎಂದು ಹಿಡಿಯೋಣ. ಕೆಲಸದ ತಿಂಗಳಲ್ಲಿ ಲೆಕ್ಕದಂತೆ 540 ರೂ. ಸಿಗಬೇಕು, ಮಿತಿಯ ಕಾರಣ ಸಿಗುವುದು 300 ರೂ. ನಾಲ್ಕು ತಿಂಗಳಿಗೆ 1,200 ರೂ. ಉಳಿದ ತಿಂಗಳುಗಳಲ್ಲಿ 90 ರೂ.ನಂತೆ 720 ರೂ. ಒಟ್ಟು 1,920 ರೂ. ಮೊದಲ ವರ್ಷದ ಶುಲ್ಕ ಕಳೆದರೆ 1,330 ರೂ. ಉಳಿಯುತ್ತದೆ. ಎರಡನೆಯ ವರ್ಷದಿಂದ ಪೂರ್ತಿ 1,920 ರೂ. ಲಾಭ. ಆದರೆ ಪ್ರತಿ ತಿಂಗಳು ಪೂರ್ಣ ಮೊತ್ತ ಕಟ್ಟಿದವರಿಗೆ ಮಾತ್ರ ಈ ಲಾಭ.

ಮೂರನೆಯ ಮನೆ: ಟ್ರ್ಯಾಕ್ಟರ್ ಅಷ್ಟೇ ದೊಡ್ಡದು, ಡೀಸೆಲ್ಲೂ ಅಷ್ಟೇ. ಆದರೆ ಜಮೀನು ಮಳೆಯಾಶ್ರಿತ. ರಾಗಿ ಮಾರಿದ ಮೇಲೆಯೇ ಹಣ. ಬಾಡಿಗೆ ಉಳುಮೆ ಮಾಡಿಸಿಕೊಂಡ ನೆರೆಯವರು ಹಣ ಕೊಡುವುದೂ ಸುಗ್ಗಿಯಲ್ಲೇ. ಜುಲೈನಲ್ಲಿ ಬಂದ 18,000 ರೂ. ಬಿಲ್ಲಿಗೆ ಕೈಯಲ್ಲಿ ಹಣವಿಲ್ಲ. ಪ್ರತಿ ತಿಂಗಳು ಬಡ್ಡಿ, ತೆರಿಗೆ ಮತ್ತು ಬಾಕಿಯ ಶೇ. 5ರಷ್ಟು ಮಾತ್ರ ಕಟ್ಟುತ್ತ ಆರು ತಿಂಗಳು ತಳ್ಳಿದರೆ, ಬಡ್ಡಿ ಮತ್ತು ತೆರಿಗೆಯೇ ಸುಮಾರು 4,000 ರೂ. ಆಗುತ್ತದೆ. ಆರು ತಿಂಗಳ ನಂತರವೂ 13,000 ರೂ.ಗೂ ಹೆಚ್ಚಿನ ಅಸಲು ಉಳಿದಿರುತ್ತದೆ. ಎರಡನೆಯ ಮನೆಯವರು ಎರಡು ವರ್ಷದಲ್ಲಿ ಕೂಡಿಸಿದ ಅಂಕವನ್ನು ಈ ಮನೆ ಒಂದೇ ಬಿಲ್ಲಿನ ಬಾಕಿಯಿಂದ ಕಳೆದುಕೊಂಡಿತು.

ಎರಡನೆಯ ಮತ್ತು ಮೂರನೆಯ ಮನೆಗಳ ನಡುವೆ ಕಾರ್ಡಿನಲ್ಲಾಗಲಿ ಡೀಸೆಲ್ಲಿನಲ್ಲಾಗಲಿ ವ್ಯತ್ಯಾಸವಿಲ್ಲ. ಹಣ ಬರುವ ಕಾಲದಲ್ಲಿ ಮಾತ್ರ ವ್ಯತ್ಯಾಸವಿದೆ. ಈ ಕಾರ್ಡುಗಳನ್ನು ತಿಂಗಳ ಸಂಬಳದವರ ಅನುಕೂಲಕ್ಕೆ ತಕ್ಕಂತೆ ರೂಪಿಸಲಾಗಿದೆ. ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಬೆಳೆ ವರ್ಷಕ್ಕೆ ಒಂದೋ ಎರಡೋ ಬಾರಿ ಬರುತ್ತದೆ. ಈ ಅಂತರವನ್ನು ತುಂಬಲು ಬೇರೆ ಆದಾಯವಿಲ್ಲದವರಿಗೆ ಕಾರ್ಡು ತಕ್ಕದ್ದಲ್ಲ.

ಕಿಸಾನ್ ಕಾರ್ಡಿನೊಡನೆ ಹೋಲಿಕೆ

ಅದೇ 18,000 ರೂ.ಗಳನ್ನು ಕಿಸಾನ್ ಕ್ರೆಡಿಟ್ ಕಾರ್ಡಿನಿಂದ ಪಡೆದಿದ್ದರೆ ಏನಾಗುತ್ತಿತ್ತು? 2025–26ರಲ್ಲಿ ಬಡ್ಡಿ ಸಹಾಯಧನ ಯೋಜನೆಯಡಿ 3 ಲಕ್ಷ ರೂ.ವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7. ಸಕಾಲದಲ್ಲಿ ತೀರಿಸಿದವರಿಗೆ ಶೇ. 3 ರಿಯಾಯಿತಿ ದೊರೆತು ಶೇ. 4ಕ್ಕೆ ಇಳಿಯುತ್ತದೆ.

ಪಟ್ಟಿ: 18,000 ರೂ. ಸಾಲದ ಬಡ್ಡಿ

ಬಂಕಿನ ಕಾರ್ಡು, ಒಂದು ತಿಂಗಳಿಗೆ (ಶೇ. 3.5): 630 ರೂ., ತೆರಿಗೆ ಸೇರಿ 743 ರೂ.
ಕಿಸಾನ್ ಕಾರ್ಡು, ಆರು ತಿಂಗಳಿಗೆ (ವರ್ಷಕ್ಕೆ ಶೇ. 7): 630 ರೂ.
ಕಿಸಾನ್ ಕಾರ್ಡು, ಆರು ತಿಂಗಳಿಗೆ, ಸಕಾಲ ಪಾವತಿ (ವರ್ಷಕ್ಕೆ ಶೇ. 4): 360 ರೂ.

ಕಿಸಾನ್ ಕಾರ್ಡಿನಲ್ಲಿ ಆರು ತಿಂಗಳಿಗೆ ಬೀಳುವ ಬಡ್ಡಿಯು ಬಂಕಿನ ಕಾರ್ಡಿನಲ್ಲಿ ಒಂದೇ ತಿಂಗಳಿಗೆ ಬೀಳುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಸದಸ್ಯರಿಗೆ ಕರ್ನಾಟಕದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಸೌಲಭ್ಯವೂ ಇದೆ. ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂ.ಗಳಿಗೆ ಏರಿಸುವುದಾಗಿ ರಾಜ್ಯ ಸರ್ಕಾರ 2023ರ ಜುಲೈ ಆಯವ್ಯಯದಲ್ಲಿ ಪ್ರಕಟಿಸಿತು.

'ಬೆಳೆಸಾಲ ಗೊಬ್ಬರ, ಬೀಜಕ್ಕೆ ಮಾತ್ರ' ಎಂಬ ಭಾವನೆಯೂ ಸರಿಯಲ್ಲ. 2012ರಲ್ಲಿ ಪರಿಷ್ಕರಿಸಿದ ಕಿಸಾನ್ ಕಾರ್ಡು ಯೋಜನೆಯಂತೆ ಸಾಲದ ಮಿತಿಯನ್ನು ಬೆಳೆವಾರು ಸಾಗುವಳಿ ವೆಚ್ಚದ ಮೇಲೆ ನಿಗದಿಪಡಿಸಿ, ಅದಕ್ಕೆ ಕಟಾವಿನ ನಂತರದ ಮತ್ತು ಮನೆಬಳಕೆಯ ಖರ್ಚಿಗಾಗಿ ಶೇ. 10 ಹಾಗೂ ಕೃಷಿ ಸಲಕರಣೆಗಳ ದುರಸ್ತಿ, ನಿರ್ವಹಣೆಗಾಗಿ ಶೇ. 20 ಸೇರಿಸುತ್ತಾರೆ. ಆದುದರಿಂದ ಸ್ವಂತ ಜಮೀನಿನ ಉಳುಮೆಯ ಖರ್ಚಿಗೆ ಬೆಳೆಸಾಲವನ್ನೇ ಮೊದಲು ಬಳಸಬೇಕು. ಅದನ್ನು ಸುಗ್ಗಿಯಲ್ಲಿ ತಪ್ಪದೆ ತೀರಿಸಬೇಕು.

ಬಾಕಿಯ ಪರಿಣಾಮ ಬೆಳೆಸಾಲದ ಮೇಲೆ

ಕಾರ್ಡಿನ ಬಾಕಿಯು ಬಡ್ಡಿಯ ನಷ್ಟದೊಂದಿಗೇ ಮುಗಿಯುವುದಿಲ್ಲ. ಕಾರ್ಡು ಪಡೆದವರು ಹಣ ಕಟ್ಟಿದ, ತಪ್ಪಿಸಿದ ವಿವರಗಳೆಲ್ಲ ಸಿಬಿಲ್ ಮೊದಲಾದ ಸಾಲ ಮಾಹಿತಿ ಸಂಸ್ಥೆಗಳಿಗೆ ಹೋಗುತ್ತವೆ. ರೈತರು ಹೊಸ ಬೆಳೆಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಅರ್ಜಿ ಹಾಕಿದಾಗ ಬ್ಯಾಂಕು ಈ ದಾಖಲೆಯನ್ನು ನೋಡುತ್ತದೆ. ಕೆಲವು ಸಾವಿರ ರೂಪಾಯಿಯ ಕಾರ್ಡು ಬಾಕಿಗಾಗಿ ಲಕ್ಷ ರೂಪಾಯಿಯ ಬೆಳೆಸಾಲ ನಿಂತುಹೋದರೆ, ಆ ರೈತರು ಮತ್ತೆ ಖಾಸಗಿ ಲೇವಾದೇವಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ತಮ್ಮ ದಾಖಲೆ ಹೇಗಿದೆ ಎಂದು ತಿಳಿಯಲು ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು.

ಯಾರು ಪಡೆಯಬಹುದು?

1. ಡೇರಿಗೆ ಹಾಲು ಹಾಕಿ ವಾರಕ್ಕೋ ಹದಿನೈದು ದಿನಕ್ಕೋ ಹಣ ಪಡೆಯುವವರು, ವರ್ಷವಿಡೀ ತರಕಾರಿ, ಹೂವು ಅಥವಾ ರೇಷ್ಮೆಗೂಡು ಮಾರುವವರು, ಮನೆಯಲ್ಲಿ ತಿಂಗಳ ಸಂಬಳ ಬರುವವರು.
2. ಬಾಡಿಗೆ ಉಳುಮೆಯ ಹಣವನ್ನು ಅಂದಂದೇ ಪಡೆಯುವ ಟ್ರ್ಯಾಕ್ಟರ್ ಮಾಲೀಕರು.
3. ಆ ಕಂಪನಿಯ ಬಂಕು ದಾರಿಯಲ್ಲೇ ಇದ್ದು, ವರ್ಷದ ಇಂಧನ ಖರ್ಚು ಶುಲ್ಕವನ್ನು ಗಿಟ್ಟಿಸುವಷ್ಟು ಇರುವವರು.

ಮೊದಲೆರಡರಲ್ಲಿ ಒಂದಾದರೂ, ಅದರೊಂದಿಗೆ ಮೂರನೆಯದೂ ಕೂಡಿದ್ದರೆ ಮಾತ್ರ ಕಾರ್ಡು ಪಡೆಯುವುದು ಸೂಕ್ತ. ಈಗಾಗಲೇ ಬೇರೆ ಸಾಲದ ಕಂತು ತಪ್ಪಿರುವವರು ಇದರ ಗೊಡವೆಗೆ ಹೋಗಬಾರದು.

ಪಡೆದವರು ವಹಿಸಬೇಕಾದ ಎಚ್ಚರಿಕೆಗಳು

1. ಡೀಸೆಲ್ ಹಾಕಿಸಿದ ದಿನವೇ ಅಷ್ಟು ಹಣವನ್ನು ಬೇರೆ ಉಳಿತಾಯ ಖಾತೆಗೆ ಹಾಕಿಡಬೇಕು. ಹಾಗೆ ಹಾಕಲು ಹಣವಿಲ್ಲದಿದ್ದರೆ ಅಂದು ಕಾರ್ಡನ್ನು ಬಳಸಬಾರದು.
2. ಖಾತೆಯಿಂದ ತಾನಾಗಿ ಹಣ ಕಟ್ಟುವ ವ್ಯವಸ್ಥೆ ಮಾಡಿಸುವಾಗ 'ಕನಿಷ್ಠ ಮೊತ್ತ' ಎಂದಲ್ಲ, 'ಪೂರ್ಣ ಮೊತ್ತ' ಎಂದು ನಮೂದಿಸಬೇಕು.
3. ಕಾರ್ಡಿನಿಂದ ನಗದು ತೆಗೆಯಕೂಡದು. ನಗದಿಗೆ ಬೇರೆ ಶುಲ್ಕವಿದೆ. ಬಡ್ಡಿಯೂ ತೆಗೆದ ದಿನದಿಂದಲೇ ಆರಂಭವಾಗುತ್ತದೆ.
4. ಗೊಬ್ಬರದ ಅಂಗಡಿಯಲ್ಲಿ ಕಾರ್ಡಿಗೆ ಶೇ. 2 ಹೆಚ್ಚು ಕೇಳಿದರೆ ಅಲ್ಲಿ ಬಳಸಬಾರದು. ಆ ಖರೀದಿಗೆ ಸಿಗುವ ಅಂಕದ ಬೆಲೆ ಅಷ್ಟಿರುವುದಿಲ್ಲ.
5. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಮೊಬೈಲ್‌ನ ಯುಪಿಐಗೆ ಜೋಡಿಸಬಹುದಾಗಿದೆ. ಇದರಿಂದ ಸಣ್ಣ ಪುಟ್ಟ ಖರ್ಚೂ ಕಾರ್ಡಿಗೆ ಸೇರಿ ಬಿಲ್ಲು ಬೆಳೆಯುತ್ತದೆ. ಖರ್ಚನ್ನು ಪುಸ್ತಕದಲ್ಲಿ ಬರೆದಿಡಬೇಕು.
6. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಬ್ಯಾಂಕಿನವರೆಂದು ಹೇಳಿಕೊಂಡು ಕೇಳಿದವರಿಗೂ ತಿಳಿಸಬಾರದು.

ಕಾರ್ಡುದಾರರ ಹಕ್ಕುಗಳು

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳು ಗ್ರಾಹಕರಿಗೆ ಕೆಲವು ರಕ್ಷಣೆಗಳನ್ನು ಒದಗಿಸಿವೆ. ಕೇಳದೆ ಕಾರ್ಡು ಕಳಿಸಿ ಶುಲ್ಕ ಹಾಕುವಂತಿಲ್ಲ. ಹಾಕಿದರೆ ಅದನ್ನು ಹಿಂದಿರುಗಿಸುವುದರ ಜೊತೆಗೆ ಅದರ ಎರಡರಷ್ಟು ದಂಡವನ್ನೂ ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ.ನಂತೆ ಗ್ರಾಹಕರಿಗೆ ಕೊಡಬೇಕು. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದ ಮೇಲೆಯೇ ತಡಪಾವತಿಯ ದಂಡ ಹಾಕಬಹುದು.

ದೂರಿದ್ದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ.

ಮುಕ್ತಾಯ

ವಿಸ್ತರಣಾ ಕಾರ್ಯಕರ್ತರು ಮುಂಗಾರು ಪೂರ್ವ ಸಭೆಗಳಲ್ಲಿ ಬೆಳೆಸಾಲದ ವಿಷಯ ತಿಳಿಸುವಾಗ ಈ ಎರಡು ಬಗೆಯ ಕಾರ್ಡುಗಳ ವ್ಯತ್ಯಾಸವನ್ನೂ ತಿಳಿಸಿದರೆ ಉಪಯುಕ್ತವಾಗುತ್ತದೆ. ಬಂಕಿನಲ್ಲಿ ಅರ್ಜಿಗೆ ಸಹಿ ಹಾಕುವ ಮುನ್ನ ರೈತರು ಮನೆಯಲ್ಲಿ ಕುಳಿತು ಹಿಂದಿನ ವರ್ಷದ ಹನ್ನೆರಡು ತಿಂಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ತಿಂಗಳ ಮುಂದೆ ಬಂದ ಹಣ ಮತ್ತು ಡೀಸೆಲ್ಲಿಗೆ ಹೋದ ಹಣವನ್ನು ನಮೂದಿಸಬೇಕು. ಆಷಾಢ, ಶ್ರಾವಣದ ಸಾಲುಗಳಲ್ಲಿ 'ಬಂದ ಹಣ' ಖಾಲಿಯಾಗಿದ್ದರೆ ಆ ಕಾರ್ಡು ಆ ಮನೆಗೆ ಬೇಡ. ಎಲ್ಲ ಸಾಲುಗಳಲ್ಲೂ ಬಿಲ್ಲು ತೀರಿಸುವಷ್ಟು ಹಣ ಕಂಡರೆ ಕಾರ್ಡು ಪಡೆದು, ಸಿಗುವ ಒಂದೂವರೆ ಎರಡು ಸಾವಿರ ರೂಪಾಯಿಗಳನ್ನು ನಿಶ್ಚಿಂತೆಯಿಂದ ಉಳಿಸಿಕೊಳ್ಳಬಹುದು.